ಇತರೆ

ಮರ ಎಣಿಸುವ ಕೆಲಸ ನನಗೆ, ಮೂರು ತಿಂಗಳ ಮಟ್ಟಿಗೆ.
ಕೊರಳಲ್ಲಿ ಪಾಲಿಕೆಯ ಕಾರ್ಡು, ಕೈಯಲ್ಲಿ ಟೇಪು, ಸುಣ್ಣದ ಡಬ್ಬಿ,
ಫಾರಮಿನಲ್ಲಿ ಮೊದಲೇ ಅಚ್ಚಾದ ಐದು ಮರಗಳ ಹೆಸರು.
ಆರನೆಯ ಕಾಲಮು: ಇತರೆ.

ಬಿಜೈಯ ಹೊಸ ಕಾಂಕ್ರೀಟು ರಸ್ತೆ ಸಲೀಸು.
ಒಂದೇ ಲಾರಿಯಲ್ಲಿ ಬಂದಿಳಿದ ಒಂದೇ ಜಾತಿ, ಒಂದೇ ಎತ್ತರ,
ಶಾಲೆಯ ಅಸೆಂಬ್ಲಿಯ ಹಾಗೆ ಕೈ ಚಾಚಿ ನಿಂತ ನೂರ ಹದಿನೆಂಟು.
ಹತ್ತೂವರೆಗೆ ಮುಗಿಸಿ ಗೋಳಿಬಜೆ ತಿಂದೆ.
ಮರುತಿಂಗಳು ಹೋದರೆ ರಸ್ತೆ ಬೋಳು.
ಹುಳಕ್ಕೆ ಒಂದು ಕಾಂಡದ ಒಳದಾರಿ ತಿಳಿದರೆ ಸಾಕಿತ್ತು;
ಮಿಕ್ಕ ನೂರ ಹದಿನೇಳರಲ್ಲಿ ಹೊಸದಾಗಿ ಕಲಿಯುವುದೇನಿತ್ತು?

ಕದ್ರಿ ಗುಡ್ಡೆಯ ಇಳಿಜಾರಿನಲ್ಲಿ ನನ್ನ ಲೆಕ್ಕ ಕುಂಟಿತು.
ತರಗೆಲೆ ಗುಡಿಸಿ ಗೋಣಿಗೆ ತುಂಬುತ್ತಿದ್ದ ಐಸಮ್ಮ
ಫಾರಮು ಇಣುಕಿ ನಕ್ಕಳು: "ಇತರೆ ಅಂದರೆ ಎಂತ ಮರ ಮಗಾ?
ನಮ್ಮಲ್ಲಿ ಆ ಮರ ಇಲ್ಲ."

ಗೋಣಿ ಕವುಚಿ ಒಂದೊಂದೇ ಎಲೆ ಹೆಕ್ಕಿದಳು.
ಇದು ಹೊನ್ನೆ. ರಾತ್ರಿ ಬಾವಲಿ ತಿಂದು
ಬೀಜ ನನ್ನ ಹಂಚಿನ ಮೇಲೆ ಬಿಡುತ್ತದೆ,
ಟಕ್ಕೆಂದು, ಬಾಡಿಗೆ ಕೊಟ್ಟ ಹಾಗೆ.
ಇದು ಹಾಲಿವಾಣ. ಎಲೆಯೆಲ್ಲ ಉದುರಿಸಿ ಬರೀ ಹೂ;
ಆ ತಿಂಗಳು ಮೈನಾಗಳಿಗೆ ಬೇರೆಲ್ಲ ಹೋಟೆಲು ಬಂದ್.
ಇದು ಕಾಸರಕ, ಆಡೂ ಮೂಸುವುದಿಲ್ಲ,
ಮಂಗಟ್ಟೆ ಮಾತ್ರ ಹಣ್ಣು ನುಂಗಿ ಆರಾಮ ಉಂಟು.
ಇದು ಪಾಲೆ. ಆಟಿ ಅಮಾವಾಸ್ಯೆಗೆ ಊರಿಡೀ ಇದರದೇ ಕಷಾಯ.
"ಕತ್ತಲಲ್ಲಿ ಕೈ ತಪ್ಪಿ ಕಾಸರಕದ ತೊಗಟೆ ತಂದವನನ್ನು
ಕೇಳು, ಹೆಸರು ಯಾಕೆ ಬೇಕು ಅಂತ.
ಕೇಳಲಿಕ್ಕೆ ಅವನಿದ್ದರೆ."

ಬೆಂಕಿಗೂ ಗೊತ್ತುಂಟು, ಎಂದಳು.
ಹಲಸಿನೆಲೆ ಮಾತಾಡುತ್ತ ಉರಿಯುತ್ತದೆ,
ರೆಂಜೆ ಮುನಿಸಿಕೊಂಡು ಹೊಗೆಯಾಡುತ್ತದೆ,
ಒಂದು ಹೊತ್ತಿಸುತ್ತದೆ, ಒಂದು ಕಾವು ಹಿಡಿದಿಡುತ್ತದೆ.
ಎಲ್ಲ ಕೂಡಿದರೇ ಸ್ನಾನದ ನೀರು ಕಾಯುವುದು.

ಇತರೆಯ ಚೌಕ ಒಂದು ಬೆರಳಗಲ.
ಅನ್ನದ ಅಗುಳು ಹಚ್ಚಿ ಹಾಳೆಗೆ ಹಾಳೆ ಅಂಟಿಸಿದೆ,
ಅಂಟಿಸಿದ್ದಕ್ಕೆ ಮತ್ತೊಂದು.
"ಎಪ್ಪತ್ತಮೂರು ಅಂತ ಒಂದು ಅಂಕಿ ಬರೆದಿದ್ದರೆ ಮುಗಿಯುತ್ತಿತ್ತಲ್ಲ?"
ಎಂದರು ಇಂಜಿನಿಯರು ಸಾಲಿಯಾನ್,
ಅದನ್ನು ಫೈಲಿನೊಳಗೆ ಮಡಿಸಲಾಗದೆ.

ಕೊನೆಯದು, ಪಂಪುಶೆಡ್ಡಿನ ಬಿರುಕಿನಲ್ಲಿ ಒಂದು ಸಸಿ,
ಟೇಪಿಗೆ ಸಿಗದಷ್ಟು ಸಪೂರ.
ಯಾವ ಹಕ್ಕಿ ಎಲ್ಲಿಂದ ತಂದದ್ದೋ, ಐಸಮ್ಮನಿಗೂ ತಿಳಿಯಲಿಲ್ಲ.
ಎಲೆ ತಿಕ್ಕಿ ಮೂಸಿ, ಮತ್ತೆ ಮೂಸಿ,
"ಹೂ ಬಿಡಲಿ," ಎಂದಳು.
ಹಾಗೆಯೇ ಬರೆದೆ.