ಮುಂಗೈ, ಬೆರಳು

ಮಾಜಾಳಿ ಗೇಟಿಗೆ ತಂದಿಟ್ಟ ಮೇಜು ನಮ್ಮ ಶಾಲೆಯದೇ.
ಯಾವನೋ ಕೈವಾರದ ಮೊನೆಯಲ್ಲಿ ಕೊರೆದ ಬಂಗಡೆ
ಹಲಗೆಯ ಮೇಲೆ ಇನ್ನೂ ಬಾಯಿ ತೆರೆದುಕೊಂಡಿತ್ತು.
ಸರಿಯಾಗಿ ಆ ಬಾಯಿಗೇ ಶಾಯಿಯ ಸೀಸೆ ಇಡುತ್ತಿದ್ದೆ.

ಮೇ ತಿಂಗಳ ಬಿಸಿಲು. ಆಚೆ ಪೋಳೆಂ, ಈಚೆ ನಾವು:
ಇಬ್ಬರು ಪೊಲೀಸರು, ಒಬ್ಬ ಕಂಪೌಂಡರ್,
ಮೂರನೇ ಇಯತ್ತೆಗೆ ಮಗ್ಗಿ ಹೇಳಿಕೊಡುವ ನಾನು.
ಗೋವೆಯ ಹೋಟೆಲುಗಳಿಂದ, ಕಟ್ಟಡಗಳಿಂದ, ಟ್ರಾಲರುಗಳಿಂದ
ನಡೆದು ಬಂದವರ ಸಾಲು. ಕಿತ್ತ ಚಪ್ಪಲಿ
ಕೈಯಲ್ಲಿ ಹಿಡಿದವರೂ ಇದ್ದರು.
ಹಣೆಗೆ ಗನ್ನು ತೋರಿಸು, ಹೆಸರು ಬರೆ, ಎಡಗೈ ಹಿಡಿ, ಒತ್ತು:
ಹದಿನಾಲ್ಕು ದಿನ.
ಸುತ್ತೋಲೆಯಲ್ಲಿ ಇದ್ದದ್ದು ಅಷ್ಟೆ.
ಎಷ್ಟು ಭಾರ ಹಾಕಿ ಒತ್ತಬೇಕೆಂದು ಬರೆದಿರಲಿಲ್ಲ.

ಶಾಯಿ ನನಗೆ ಹಳೆಯ ಪರಿಚಯ.
ಹಿಂದಿನ ವರ್ಷ ಚಿತ್ತಾಕುಲದ ಮತಗಟ್ಟೆಯಲ್ಲಿ
ಇದೇ ಕಂದುನೇರಳೆ, ಇದೇ ನಾಲಿಗೆಗೆ ಹತ್ತುವ ವಾಸನೆ.
ಆಗ ಬೆರಳು ಚಾಚಿದವರು ನಗುತ್ತಿದ್ದರು.

ಪುಂಡಲೀಕ ದುರ್ಗೇಕರ, ಮೂವತ್ತೊಂದು, ಬೈತಕೋಲ.
ವಾಸ್ಕೋದಲ್ಲಿ ಟ್ರಾಲರಿನ ಖಲಾಸಿ.
“ಬಾಯಿ, ಆಯಿ ಹೋದಳು. ಬೆಳಗಿನ ಜಾವ.
ಕಾಳಿ ದಾಟಿದರೆ ಮನೆ. ಬೆಂಕಿ ಕೊಟ್ಟು ತಿರುಗಿ ಬರ್ತೇನೆ,
ಬೇಕಾದರೆ ಹಗ್ಗ ಕಟ್ಟಿ ಕಳಿಸಿ.”
ಗಡಿ ದಾಟಿದವರನ್ನು ನೇರ ಹಾಸ್ಟೆಲಿಗೇ ಒಯ್ಯಿರೆಂಬ ಹೊಸ ಆದೇಶ
ವಾಟ್ಸಾಪಿಗೆ ಬಂದು ಎರಡು ತಾಸಾಗಿತ್ತು.
ಹೆಣದ ಹಿಂದೆ ಇಪ್ಪತ್ತು ಜನ ಹೋಗಬಹುದೆಂದಿತ್ತು;
ಯಾವ ಇಪ್ಪತ್ತು ಎಂದಿರಲಿಲ್ಲ.
ಸಾಹೇಬರಿಗೆ ಮೂರು ಸಲ ಫೋನು ಹಚ್ಚಿದೆ.
ಮೂರು ಸಲವೂ ಮೊದಲು ಕೆಮ್ಮು,
ಆಮೇಲೆ ಕೈ ತೊಳೆಯಿರಿ ಎಂಬ ದನಿ,
ಆಮೇಲೆ ಏನೂ ಇಲ್ಲ.
ಒತ್ತಿದೆ.
ಬಲೆ ಎಳೆದ ಕೈ, ಗಂಟುಗಂಟು, ಮೊಹರು ಕೂರಲಿಲ್ಲ.
ಇನ್ನೊಮ್ಮೆ ಒತ್ತಿದೆ.

ಸದಾಶಿವಗಡದ ಹಾಸ್ಟೆಲಿನ ಮಹಡಿಯಿಂದ ನದಿ ಕಾಣುತ್ತದೆ,
ಆಚೆ ದಂಡೆಯ ಹೊಗೆಯೂ.
ಕಾವಲಿಗಿದ್ದ ಹೋಂಗಾರ್ಡ್ ಹೇಳಿದ್ದು:
ಇಡೀ ಮಧ್ಯಾಹ್ನ ಗ್ರಿಲ್ಲು ಹಿಡಿದು ನಿಂತಿದ್ದನಂತೆ,
ಮಾಸ್ಕನ್ನು ಮಾತ್ರ ಒಮ್ಮೆಯೂ ಕೆಳಗಿಳಿಸಲಿಲ್ಲವಂತೆ.
ಆರನೇ ದಿನ ವರದಿ ಬಂತು. ನೆಗೆಟಿವ್.

ಇಷ್ಟೇ ಆಗಿದ್ದರೆ ಸರಕಾರವನ್ನು ಬೈದು ಹಗುರಾಗುತ್ತಿದ್ದೆ.

ಮರುವಾರ ಇನ್ನೊಬ್ಬ, ನೀರು ಇಳಿದ ಹೊತ್ತಿನಲ್ಲಿ
ಉಸುಕಿನ ಗುಂಟ ನಡೆದು ಗೇಟು ತಪ್ಪಿಸಿ ಮನೆ ಸೇರಿದ.
ಹೆಸರು ಹೇಳಲಾರೆ, ಅವನ ಹೆಂಡತಿ
ನಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸುವವಳು.
ಅವನಿಗೆ ಬರೇ ಸೀನು. ಅವನ ಅವ್ವನಿಗೆ, ಅಣ್ಣನಿಗೆ
ಜಿಪ್ಪು ಎಳೆದ ಚೀಲ.
“ಗೇಟು ಇನ್ನೂ ಬಿಗಿ ಇರಬೇಕಿತ್ತು ಅಕ್ಕೋರೆ” ಅಂದಳು,
ಪುಂಡಲೀಕನ ಸಂಗತಿ ಊರಿಗೆಲ್ಲ ಗೊತ್ತಿದ್ದೂ.
ಹೂಂ ಅಂದೆ. ಆ ಹೂಂ ಸುಳ್ಳಲ್ಲ.
ಎರಡು ಚೀಲ, ದೂರದಿಂದ ನೋಡಿದ ಒಂದು ಚಿತೆ:
ಯಾವುದರಲ್ಲಿ ಯಾವುದನ್ನು ಕಳೆಯಲಿ?
ಕಳೆಯುವ ಲೆಕ್ಕ ಕಲಿಸಿಯೇ ಸಂಬಳ ತಿನ್ನುವವಳು ನಾನು.

ಮೂರು ವರ್ಷ ಬಿಟ್ಟು ಬೈತಕೋಲದ ಮತಗಟ್ಟೆ.
ನನಗೆ ಮತ್ತೆ ಶಾಯಿಯ ಕುರ್ಚಿ.
ಚೀಟಿ ಹಿಡಿದು ಬಂದ. ಗುರುತು ಸಿಕ್ಕಿತೋ ಇಲ್ಲವೋ,
ಎಡಗೈ ಚಾಚಿದ. ಬೆರಳು ಮಡಚಿ, ಮುಂಗೈ ಮೇಲೆ.
ಪಕ್ಕದವರು ಕ್ರಮಸಂಖ್ಯೆ ಕೂಗಿದರು, ಆರುನೂರ ಹನ್ನೆರಡು;
ಹಿಂದೆ ಸಾಲು ಒತ್ತುತ್ತಿತ್ತು.
ನಾನು ಕಡ್ಡಿ ಎತ್ತಿದವಳು ಎತ್ತಿದ ಹಾಗೇ ಇದ್ದೆ.
ಆಮೇಲೆ ಅವನೇ ತೋರುಬೆರಳು ಬಿಡಿಸಿ
“ಇವತ್ತು ಇಲ್ಲಿ ಅಲ್ಲವಾ, ಬಾಯಿ” ಅಂದ.
ನಕ್ಕನೇ? ಮಾಸ್ಕು ಇಲ್ಲದ ಮುಖ,
ಆದರೂ ತಿಳಿಯಲಿಲ್ಲ.

ಉಗುರಿನ ಮೇಲಿಂದ ಮೊದಲ ಗಿಣ್ಣಿನ ತನಕ ಗೆರೆ.
ಎಳೆದೆ.
ಒರೆಸಬೇಡಿ, ಒಣಗಲಿ ಎಂದೆ.
ಆವತ್ತು ಗೇಟಿನಲ್ಲೂ ಇದನ್ನೇ ಹೇಳಿದ್ದೆ.