ಇತರೆ

ಮೊದಲನೇ ಚೌಕ ಹೆಸರು ಕೇಳ್ತೈತಿ.
ದಾವಲಸಾಬ ಮೌಲಾಸಾಬ ನದಾಫ್ ಅಂತ ಬರದೆ.
ಕಲಾವಿದನ ಹೆಸರಲೇ, ರೇಷನ್ ಕಾರ್ಡಲ್ಲ,
ಅಂದ ಸಂಗನಬಸು, ಪ್ರೆಸ್ಸಿನ ಮಸಿ ಹತ್ತಿದ ಬೆರಳಿಂದ
ಎಲ್ಲಾ ಅಳಿಸಿದ.
ಉಳದದ್ದು ಒಂದ ಒಂದು ಮಿಣುಕು ಗೆರಿ,
ನೀ ಯಾರು, ನೀ ಯಾರು ಅನಕೋತ.

ಎರಡನೇದು ಪ್ರಕಾರ.
ಎಳದಷ್ಟೂ ಕೆಳಗ ಇಳೀತೈತಿ ಪಟ್ಟಿ:
ಶಾಸ್ತ್ರೀಯ, ಜಾನಪದ, ಭಕ್ತಿ, ರಾಕ್,
ಕಸರತ್ತಿಗೆ ಹಚ್ಚೋದು, ನಿದ್ದಿ ಬರಸೋದು.
ಬೆಟಗೇರಿ ಓಣ್ಯಾಗ ಹತ್ತಿ ಹಿಂಜೋ ಬಿಲ್ಲಿಗೆ
ಯಾವ ಖಾನೆ ಇಟ್ಟಾರ ಇವರು?
ನಿದ್ದಿಗೇ ಹಾಕಲೇ, ಗಾದಿ ಮಾಡಾವರಲ್ಲೇನ ನೀವು,
ಅಂದ. ನಕ್ಕಿವಿ.
ನಗಿ ಎದ್ದು ಹೋದ ಮ್ಯಾಲೂ
ಆ ಮಾತು ಅಲ್ಲೇ ಕುಂತಿತ್ತು.

ಚಿತ್ರ ಚೌಕಾಗಿರಬೇಕಂತ.
ಆರು ಫೂಟಿನ ಬಿಲ್ಲು, ಯಾವ ಚೌಕದಾಗ ಹಿಡಸ್ತೈತಿ?
ಅಡ್ಡ ಹಿಡದರ ತುದಿ ಹೋತು,
ಉದ್ದ ಹಿಡದರ ನಾ ಹೋದೆ.
ಕಡೀಕ ನರ ಒಂದ ತಗದಿವಿ, ಭಾಳ ಹತ್ತರದಿಂದ:
ನಡುವ ಒಂದು ಎಳಿ, ಎಳಿಗೆ ಅಂಟಿದ ಅರಳಿ.
ಹಿಮ ಇದ್ದಂಗ ಐತಿ, ಅಂದ.
ಗದಗಿನ ಬಿಸಲಾಗ
ಅವಂಗ ಹಿಮದ ನೆನಪು ಎಲ್ಲಿಂದ ಬಂತೋ.

ನಿಮ್ಮ ಬಗ್ಗೆ ಎರಡು ಮಾತು.
ಇಲ್ಲಿ ನಾ ನಿಂತುಬಿಟ್ಟೆ.
ನಮ್ಮಜ್ಜ ಹೆಗಲ ಮ್ಯಾಲೆ ಬಿಲ್ಲು ಹೊತ್ತು
ರೋಣ, ನರಗುಂದ, ಮುಂಡರಗಿ ತಿರಗ್ಯಾನ.
ಓಣಿ ಬಾಯಾಗ ನಿಂತು ನರಕ್ಕೊಂದು ಏಟು ಕೊಟ್ಟರ ಸಾಕು
ಟುಂಯ್ ಅಂತಿದ್ದಂಗ
ಬಾಗಿಲಾ ತೆರೀತಿದ್ದುವು, ಹಳೇ ಗಾದಿ ಹೊರಗ ಬರತಿದ್ದುವು.
ಹೆಸರಿಲ್ಲ, ಚಿತ್ರಿಲ್ಲ.
ಅವನ ಸಪ್ಪಳನ ಅವನ ಬೋರ್ಡು.

ಸಂಗನಬಸು ತಾನ ಬರದ: 'ಪರಂಪರೆ ಮತ್ತು ಆಧುನಿಕತೆಯ
ಅಪೂರ್ವ ಸಂಗಮ.'
ಲಗ್ನಪತ್ರಿಕಿ ಅಚ್ಚು ಹಾಕಿ ಹಾಕಿ ಅವಂಗ
ಎಲ್ಲಾದರಾಗೂ ಸಂಗಮ ಕಾಣತೈತಿ.
ಅದನ್ನ ನಾ ಅಳಿಸಿದೆ.

ಬೆಲಿ ಎಷ್ಟಂತ ಕೇಳ್ತು.
ಕೇಳಾವರು ಕೊಟ್ಟಷ್ಟು, ಸೊನ್ನಿನೂ ನಡೀತೈತಿ.
ಕೇಜಿಗಿಷ್ಟು ಅಂತ ಹಿಂಜೋ ಮನಿತನ ನಮ್ಮದು,
ಸೊನ್ನಿ ಒತ್ತುವಾಗ
ಬೆರಳು ಒಂದೀಟು ತಡೀತು.

ರೆಕಾರ್ಡ್ ಮಾಡಿದ್ದು ಅಂಗಡಿ ಹಿಂದ, ರಾತ್ರಿ,
ಸುತ್ತ ಅಂಡಗಿ ಒಟ್ಟಿ.
ಹತ್ತಿ ಎಲ್ಲಾ ಗದ್ದಲ ನುಂಗತೈತಿ,
ಮೋಟರ ಸೈಕಲ್ಲು, ನಾಯಿ, ಪಕ್ಕದ ಮನಿ ಜಗಳ.
ಒಳಗಿನ ಮನ್ಯಾಗ ಅಜ್ಜ ಕೆಮ್ಮಿದ್ದು ಮಾತ್ರ ಉಳಕೊಂಡಿತ್ತು.
ತಗೀಲಿಲ್ಲ.

ಮೊದಲ ದಿನ ಹನ್ನೊಂದು ಸಲ ಕೇಳ್ಯಾರ.
ಅದರಾಗ ಒಂಬತ್ತು ನಾವ.
ಹತ್ತನೇದು ಸಂಗನಬಸುನ ತಂಗಿ.
ಇನ್ನೊಬ್ಬರು, ಹೆಸರು ಹೇಳಾಕ ಬರಲಾರದ ಊರಿನವರು,
ರಾತ್ರಿ ಎರಡಕ್ಕ ಹಚ್ಚಿ
ಒಂದು ನಿಮಿಷ ನಲವತ್ತು ಸೆಕೆಂಡಿಗೆ ಬಿಟ್ಟಾರ.
ನಿದ್ದಿ ಹತ್ತಿರಬೇಕು, ಅಂದ.
ಈ ಸಲ ನಾ ನಗಲಿಲ್ಲ.
ಹತ್ತಿದ್ದರ, ಅದೂ ನಮ್ಮ ಕಸಬನ.

ಮುಂಜಾನೆ ಅಜ್ಜನ ಕಿವಿಗೆ ಇಟ್ಟೆ.
ಪೂರಾ ಕೇಳಿದ, ಏಳು ನಿಮಿಷ,
ತನ್ನ ಕೆಮ್ಮಿಗೂ ಹುಬ್ಬು ಹಾರಿಸಲಿಲ್ಲ.
ವಯರ್ ತಗದು ಕೈಯಾಗ ಕೊಟ್ಟು ಹೇಳಿದ:
ನರ ಛಲೋ ಐತಿ.
ಹತ್ತಿ ಹಸಿ ಐತಿ.

ಬ್ಯಾರೆ ಯಾರಿಗೆ ಕೇಳಿಸೀತು ಅದು?
ತಿರುಗಿ ಹೋಗಿ ಪುಟ ತಗದೆ.
ಪ್ರಕಾರ: ಇತರೆ.
ನನ್ನ ಬಗ್ಗೆ ಅನ್ನೋ ಖಾಲಿ ಚೌಕದಾಗ
ಒಂದ ಸಾಲು ಬರದು, ಹಂಗ ಬಿಟ್ಟೀನಿ:
ಅವತ್ತು ಹತ್ತಿ ಸ್ವಲ್ಪ ಹಸಿ ಇತ್ತು.