ಎರಡೂ ಕಡೆ ಮುಂದೆ

ಕೊನೆಯ ನಿಲ್ದಾಣದಲ್ಲಿ ಟ್ರಾಮು ತಿರುಗುತ್ತಿರಲಿಲ್ಲ.
ತಿರುಗುತ್ತಿದ್ದವಳು ಇಷ್‌ಬೆಲ್ ಗಿಲ್‌ಕ್ರಿಸ್ಟ್:
ಬಿದಿರ ಗಳುವಿನಿಂದ ತಂತಿಯ ಕೋಲು ಬಿಡಿಸಿ,
ಚೌಕಳಿ ಲಂಗ ಎಡಗೈಲಿ ಎತ್ತಿಕೊಂಡು
ಗಾಡಿಗೆ ಅರ್ಧ ಪ್ರದಕ್ಷಿಣೆ ಹಾಕಿ
ಕಿಡಿ ಹಾರಿಸಿ ಮತ್ತೆ ತಗುಲಿಸುವಳು.
ಆಮೇಲೆ ಮೇಲಂತಸ್ತು. ಬೆಂಚಿನ ಬೆನ್ನುಗಳನ್ನೆಲ್ಲ
ಫಟ್ ಫಟ್ ಫಟ್ ಎಂದು ಮಗುಚುತ್ತ ಬಂದರೆ
ಕ್ಷಣದ ಹಿಂದೆ ಬೆನ್ನು ಹಾಕಿದ್ದ ಕಡೆಗೇ
ಇಡೀ ಗಾಡಿ ಮುಖ ಮಾಡುತ್ತಿತ್ತು.

ನಾನು ಗ್ಲಾಸ್ಗೋ ಟ್ರಾಮು ಕಾರ್ಖಾನೆಯ ಬಡಗಿ ಹುಡುಗ,
ಹದಿನಾಲ್ಕು ವಯಸ್ಸು, ಉಗುರಿನೊಳಗೆ ಅಂಟು.
ಮುಂದೆ ಯಾವುದು, ಹಿಂದೆ ಯಾವುದು ಎಂದು ಕೇಳಿದ್ದಕ್ಕೆ
ಮೇಸ್ತ್ರಿ ಟುಲ್ಲಕ್ ಬಾಯಲ್ಲಿದ್ದ ಮೊಳೆ ತೆಗೆಯದೆ ಹೇಳಿದ:
"ಚಾಲಕನ ಹಿಡಿಕೆ ಎಲ್ಲಿದೆಯೋ ಅದು ಮುಂದೆ.
ಉಳಿದದ್ದೆಲ್ಲ ಬರೀ ಮರ."

ಬೇರೆ ಊರಿನವು ಬೇರೆ ಥರ, ನೋಡಿದ್ದೇನೆ.
ಲಂಡನ್ನಿನದು ರಸ್ತೆಯ ಸೀಳಿನಿಂದ ಕದ್ದು ಕರೆಂಟು ಕುಡಿಯುವುದು,
ನೆತ್ತಿಯ ಮೇಲೆ ಕೋಲಿಲ್ಲ, ತಲೆ ಬಾಚಿದ ಗುಮಾಸ್ತನ ಹಾಗೆ.
ಬರ್ಮಿಂಗ್‌ಹ್ಯಾಮಿನದು ಕಿರಿದಾದ ಕಂಬಿಯ ಮೇಲೆ
ಎತ್ತರಕ್ಕೆ ಬೆಳೆದ ಸಣಕಲ, ಗಾಳಿಗೆ ಅಂಜುವವನು.
ಬ್ಲಾಕ್‌ಪೂಲಿನಲ್ಲಿ ಚಾವಣಿಯೇ ಇಲ್ಲದ ದೋಣಿಯೊಂದು
ಸಮುದ್ರದ ಪಕ್ಕದಲ್ಲೇ ನೆಲದ ಮೇಲೆ ತೇಲಿ ನಾಚುತ್ತಿತ್ತು.
ನಮ್ಮ ಕಂಬಿಯೋ, ರೈಲಿನದಕ್ಕಿಂತ ಮುಕ್ಕಾಲು ಅಂಗುಲ ಇಕ್ಕಟ್ಟು:
ಹಡಗುಕಟ್ಟೆಗೆ ಹೋಗುವ ಗೂಡ್ಸ್ ವ್ಯಾಗನ್ನು
ಗಾಲಿಯ ಅಂಚಿನ ಮೇಲೆ ನಡೆದುಹೋಗಲೆಂದು.
ಅಷ್ಟು ಭಾರದ ಉಕ್ಕು, ತುದಿಗಾಲಲ್ಲಿ!
ಹೇಳಿದರೆ ನಗುತ್ತಾರೆ.

ಮತ್ತೆ ಬಣ್ಣ. ಕೆಳಗಿನ ಕಿತ್ತಳೆ, ಕೆನೆ ಎಲ್ಲಕ್ಕೂ ಒಂದೇ;
ಮೇಲಂತಸ್ತಿನ ಪಟ್ಟಿ ಮಾತ್ರ ದಾರಿಗೊಂದು,
ಕೆಂಪು, ನೀಲಿ, ಹಳದಿ, ಹಸಿರು, ಬಿಳಿ.
ನನ್ನಮ್ಮ ಮಾರ್ಸಲಿ ದ್ವೀಪದಿಂದ ಬಂದವಳು,
ಇಂಗ್ಲಿಷು ಅವಳ ಕಿವಿಗೆ ಅರ್ಧ, ಕಣ್ಣಿಗೆ ಸೊನ್ನೆ.
ಹಳದಿ ಅಂದರೆ ತಂಗಿಯ ಮನೆ. ನೀಲಿ ಅಂದರೆ ಮೀನು.
ಬಿಳಿ ಅಂದರೆ ಆಸ್ಪತ್ರೆ; ಬಿಳಿ ಬಂದಾಗ ಬೇರೆ ಕಡೆ ನೋಡುವಳು.
ಹೀಗೆ ಅಷ್ಟು ದೊಡ್ಡ ಊರನ್ನು ಓದಿಕೊಂಡಳು.
ಒಂದು ವರ್ಷ ಯಾರೋ ಬಣ್ಣ ಸಾಕು, ನಂಬರಿರಲಿ ಎಂದರು.
ನಾನೇ ಉಜ್ಜುಕಾಗದ ಹಿಡಿದು ಹಳದಿಯನ್ನು ಕೆರೆದೆ.
ಅಮ್ಮ ಟೋಪಿ ಹಾಕಿಕೊಂಡು ನಿಲ್ದಾಣದಲ್ಲಿ ನಿಂತು
ಮೂರು ಹಸಿರು ಬಿಟ್ಟಳು. ನಾಲ್ಕನೆಯದೂ ಹಸಿರು.
ನಡೆದೇ ಹೋದಳು.

ಇಷ್‌ಬೆಲ್ ವಿಷಯ ಹೇಳುತ್ತಿದ್ದೆ.
ಗಂಡ ಸೋಮ್ ನದಿಯ ಕೆಸರಿಗೆ ಹೋದವನು. ಮಕ್ಕಳಿಲ್ಲ.
"ಪಾಪ, ಹಿಂದೆ ಮುಂದೆ ಯಾರೂ ಇಲ್ಲದವಳು" ಎಂದು
ಡಿಪೋದ ಹೆಂಗಸರು ಚಹಾ ಕಪ್ಪಿನೊಳಗೆ ಪಿಸುಗುಟ್ಟಿದರೆ
ನನಗೆ ತಿಳಿಯಲಿಲ್ಲ, ಬಡಗಿಯ ತಲೆ:
ಹಿಂದೆ ಎಂಬುದೇ ಇಲ್ಲದ್ದು ಟ್ರಾಮಲ್ಲವೇ,
ಎರಡೂ ಕಡೆ ದೀಪ, ಎರಡೂ ಕಡೆ ಗಂಟೆ?
ಒಂದು ಮಂಜಿನ ರಾತ್ರಿ, ಡಾಲ್‌ಮ್ಯೂರ್, ಖಾಲಿ ಗಾಡಿ.
ಎಲ್ಲ ಮಗುಚಿ ಒಂದೇ ಒಂದು ಬೆಂಚನ್ನು ಬಿಟ್ಟಿದ್ದಳು.
ಎರಡು ಸೀಟು ಎದುರುಬದುರಾದವು.
ಒಂದರಲ್ಲಿ ಅವಳು, ಟಿಕೆಟ್ ಪೆಟ್ಟಿಗೆ ತೊಡೆಯ ಮೇಲೆ.
ಎದುರಿನದರ ಕಡೆ ನೋಡುತ್ತ ಏನೋ ಹೇಳುತ್ತಿದ್ದಳು,
ದಿನದ ಲೆಕ್ಕ ಒಪ್ಪಿಸುವ ಹಾಗೆ.
ಪಾರ್ಟಿಕ್ ಬರುವ ತನಕ. ಆಮೇಲೆ ಎದ್ದು,
ಫಟ್.

ಅರವತ್ತೆರಡರಲ್ಲಿ ಅಂಗಳದಲ್ಲಿ ಒಂದನ್ನು ಸುಟ್ಟರು, ನೋಡಹೋದೆ.
ಹಸಿರು ಗುಳ್ಳೆಯೆದ್ದು ಸಿಪ್ಪೆ ಸುಲಿಯಿತು. ಅದರಡಿ,
ಆಗ ನಾನು ಸರಿಯಾಗಿ ಕೆರೆದಿರಲಿಲ್ಲ ನೋಡಿ,
ಹಳದಿ.

ಬೆಂಕಿಗೆ ಮುಂಚೆ ಒಂದು ಬೆಂಚು ಕೇಳಿ ತಂದಿದ್ದೆ,
ಹಿತ್ತಲಲ್ಲಿದೆ. ಬೆಳಗ್ಗೆ ಬಟಾಣಿ ಬಳ್ಳಿಯ ಕಡೆಗೆ,
ಸಂಜೆ ಪಕ್ಕದ ಮನೆಯ ಗೋಡೆಯ ಕಡೆಗೆ ಮಗುಚುತ್ತೇನೆ.
ಕೀಲು ಸಡಿಲವಾಗಿದೆ.
ಬಿಗಿ ಮಾಡಿಲ್ಲ, ಆ ಸದ್ದು ಹೋದೀತೆಂದು.